ಸೂರಿಲ್ಲದ ಕೊಡುಗೆ

ಆ ಗಿರಿಪಟ್ಟಣಕ್ಕೆ ಪ್ರವಾಸಿಗರು ಮುಗಿಬೀಳತೊಡಗಿದ ಮೇಲೆ ಬಾಡಿಗೆ ಮನೆಗಳೆಲ್ಲ ಹೋಂಸ್ಟೇಗಳಾದವು. ಹೋಟೆಲುಗಳಲ್ಲಿ ದುಡಿಯುವವರಿಗೇ ಇರಲು ಜಾಗವಿಲ್ಲ. ಊರವರು ಚಂದಾ ಎತ್ತಿ, ಅವರಿಗಾಗಿ ಕಡಿಮೆ ಬಾಡಿಗೆಯ ಮನೆಗಳ ಒಂದು ಸಾಲು ಕಟ್ಟಲು ಹೊರಟರು. ಗೋಡೆ ಎದ್ದಿತು, ಹಣ ಮುಗಿಯಿತು.

ದೊಡ್ಡ ರೆಸಾರ್ಟಿನ ಮಾಲೀಕ ಪದ್ಮರಾಜಯ್ಯ ಕೊಟ್ಟಿದ್ದು ಒಂದಿಷ್ಟು ಸಿಮೆಂಟ್ ಮಾತ್ರ. ಆದರೂ ಬಂದು ಗದರಿದರು: "ರಸ್ತೆಗೆ ಕಾಣುವ ಹಾಗೆ ನನ್ನ ಹೆಸರು ದೊಡ್ಡದಾಗಿ ಬರೆಸಿ. ಇಲ್ಲದಿದ್ದರೆ ಯಾರೂ ನನ್ನಲ್ಲಿ ಕೆಲಸಕ್ಕೆ ಬರಬೇಡಿ."

ಎಲ್ಲರಿಗೂ ಸಿಟ್ಟು ಬಂತು. ಅವರ ರೆಸಾರ್ಟಿನಲ್ಲಿ ಅಡುಗೆ ಮಾಡುತ್ತ, ಉಗ್ರಾಣದ ಮೂಲೆಯಲ್ಲೇ ಮಲಗುತ್ತಿದ್ದ ಲೋಲಾಕ್ಷಿ ಮಾತ್ರ, "ಆಗಲಿ ಧಣಿ, ಇವತ್ತೇ ಬರೆಸ್ತೀವಿ" ಅಂದಳು.

ಮರುದಿನ ಬೋಳು ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳು: 'ಈ ಮನೆಗಳು ಪದ್ಮರಾಜಯ್ಯನವರ ಕೊಡುಗೆ.' ಪ್ರವಾಸಿಗರು ಕಾರು ನಿಲ್ಲಿಸಿ ಫೋಟೋ ತೆಗೆದರು. ರೆಸಾರ್ಟಿಗೆ ಬಂದವರೆಲ್ಲ ಕೇಳುವವರೇ: "ಸಾರ್, ನೀವು ಕೊಟ್ಟ ಮನೆಗೆ ಸೂರೇ ಇಲ್ಲವಲ್ಲ? ನಮ್ಮ ರೂಮಿಗಾದರೂ ಇದೆ ತಾನೇ?"

ಪದ್ಮರಾಜಯ್ಯ ಅಡುಗೆಮನೆಗೆ ಓಡಿ ಬಂದರು. "ಅಳಿಸಮ್ಮಾ ಅದನ್ನ!"

"ಅಳಿಸಿದರೆ, ಕೊಟ್ಟಿದ್ದನ್ನ ವಾಪಸ್ ತಗೊಂಡ್ರು ಅಂತಾರಲ್ಲ ಧಣಿ," ಅಂದಳು ಲೋಲಾಕ್ಷಿ, ಸಾರಿಗೆ ಒಗ್ಗರಣೆ ಹಾಕುತ್ತ.

ಪದ್ಮರಾಜಯ್ಯನವರಿಗೇ ನಗು ತಡೆಯಲಾಗಲಿಲ್ಲ. ಆ ವಾರವೇ ಅವರ ಖರ್ಚಿನಲ್ಲಿ ಸೂರಿಗೆ ಹೆಂಚು ಬಂತು.

ಗೃಹಪ್ರವೇಶದ ದಿನ ಪಾಯಸ ಉಣ್ಣುತ್ತ ಕೇಳಿದರು, "ಇನ್ನೊಂದು ಸಾಲು ಕಟ್ತೀರಂತೆ?"

"ಹೌದು ಧಣಿ. ಹೆಸರು ಬರೆಸೋಣ್ವಾ?"

"ಬರೆಸಮ್ಮ. ಆದರೆ ಹೆಂಚು ಹೊದಿಸೋವರೆಗೆ ಬಣ್ಣದ ಡಬ್ಬಿ ನನ್ನ ಹತ್ರ ಇರಲಿ."