ಹಸಿರು ಪಟ್ಟಿಯ ನಡುವಿನ ಕಂಬ

ರಸ್ತೆಯ ಅಂಚಿನಲ್ಲಿ ಸೈಕಲ್‌ಗಳಿಗೆಂದೇ ಹಸಿರು ಬಣ್ಣ ಬಳಿದ ಪಟ್ಟಿಯಲ್ಲಿ ಸೈಕಲ್ ಸಲೀಸಾಗಿ ಓಡುತ್ತದೆ ಎಂದು ಊರಿನವರೆಲ್ಲ ನಂಬಿದ್ದರು. ಉದ್ಘಾಟನೆಯ ದಿನ ಮುಖ್ಯ ಅತಿಥಿಗಳು ಅಲ್ಲಿ ಸೈಕಲ್ ತುಳಿಯುತ್ತಿರುವ ಫೋಟೋ ಪತ್ರಿಕೆಯಲ್ಲೇ ಬಂದಿತ್ತು.

ಹೂ ಮಾರುವ ಜವರಪ್ಪನ ಸೈಕಲ್ಲೂ ಅದನ್ನೇ ನಂಬಿ, ಮದುವೆ ಮುಹೂರ್ತಕ್ಕೆ ತಲುಪಬೇಕಾದ ಹಾರಗಳ ಬುಟ್ಟಿ ಹೊತ್ತು ಪಟ್ಟಿಗೆ ಇಳಿಯಿತು. ನೂರು ಮಾರು ಹೋಗುವಷ್ಟರಲ್ಲಿ ನಟ್ಟನಡುವೆ ದೀಪದ ಕಂಬವೊಂದು ಎದುರಾಯಿತು.

"ಕಂಬಣ್ಣ, ಇದು ನನ್ನ ದಾರಿಯಲ್ಲವೇ?"

"ನಿನ್ನದೇ. ನನ್ನ ಬುಡದ ಸುತ್ತಲೂ ಎಷ್ಟು ನೀಟಾಗಿ ಬಣ್ಣ ಬಳಿದಿದ್ದಾರೆ, ನೋಡು."

ಸೈಕಲ್ ಗೊಂದಲಗೊಂಡು ರಸ್ತೆಗೆ ಹೊರಳಿತು. ಹಿಂದಿನಿಂದ ಬಸ್ಸು ಗದರಿತು: "ನಿನಗೇ ಅಂತ ದಾರಿ ಮಾಡಿಕೊಟ್ಟಿದ್ದಾರಲ್ಲಯ್ಯಾ, ಇಲ್ಲೇನು ಕೆಲಸ?"

ಬೆದರಿದ ಸೈಕಲ್ ಮತ್ತೆ ಪಟ್ಟಿಗೆ ನುಗ್ಗಿ ಕಂಬಕ್ಕೆ ಗುದ್ದಿತು. ಹಾರಗಳೆಲ್ಲ ಚರಂಡಿಗೆ ಬಿದ್ದವು.

"ತಪ್ಪು ನನ್ನದೇ ಇರಬೇಕು," ಎಂದಿತು ಸೈಕಲ್. "ಆ ದಿನ ಅತಿಥಿಗಳ ಸೈಕಲ್ ನಿನ್ನನ್ನು ಹೇಗೆ ದಾಟಿತು?"

"ದಾಟಲಿಲ್ಲ," ಎಂದಿತು ಕಂಬ. "ಫೋಟೋ ತೆಗೆದು ಮುಗಿಸುವ ತನಕ ಅದು ಸ್ಟ್ಯಾಂಡ್ ಹಾಕಿಕೊಂಡೇ ನಿಂತಿತ್ತು."