ಮುದ್ರೆಯೊತ್ತಿ ಕಳಿಸಿದ ಉತ್ತರ

ಹೊಳೆಯ ದಂಡೆಯ ಮಠವೊಂದರಲ್ಲಿ ಶಾಂತಮಲ್ಲನೆಂಬ ಶಿಷ್ಯನಿದ್ದ. ಮಠಕ್ಕೆ ಇಂಟರ್ನೆಟ್ಟಿನಲ್ಲಿ ಸ್ವಂತ ಹೆಸರು, ಅಂದರೆ ಡೊಮೈನ್, ಬೇಕೆಂದು ಅವನಿಗೆ ಅನ್ನಿಸಿತು. ಗುರುಗಳು ಬೇಡವೆನ್ನಲಿಲ್ಲ. ಹಾಗೆಂದರೆ ಏನೆಂದು ಕೇಳಲೂ ಇಲ್ಲ.

ಶಾಂತಮಲ್ಲ ಮೂರು ದಿನ ಕೂತು ಮೇಲ್ ಸರ್ವರ್ ಸಿದ್ಧಮಾಡಿದ. ಇಂಟರ್ನೆಟ್ಟಿನ ವಿಳಾಸಪಟ್ಟಿಯಾದ ಡಿಎನ್‌ಎಸ್‌ನಲ್ಲಿ ದಾಖಲೆಗಳನ್ನು ಬರೆದ. ಮಠಕ್ಕೆ ಬರುವ ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಒಂದು ದಾಖಲೆ. ಮಠದ ಹೆಸರಿನಲ್ಲಿ ಮೇಲ್ ಕಳಿಸಲು ಯಾರಿಗೆ ಅಧಿಕಾರವೆಂದು ಇನ್ನೊಂದು. ಹೊರಡುವ ಪ್ರತಿ ಮೇಲ್‌ಗೂ ಮಠದ ಮುದ್ರೆ ಬೀಳುವಂತೆ ಮತ್ತೊಂದು.

"ಇನ್ನು ನಮ್ಮ ಮಠದ ಮಾತನ್ನು ಯಾರೂ ನಕಲಿ ಅನ್ನುವಂತಿಲ್ಲ, ಬುದ್ಧೀ" ಎಂದ.

"ಅಷ್ಟು ಭದ್ರವೇ?" ಎಂದರು ಗುರುಗಳು.

"ಅಷ್ಟು ಭದ್ರ."

ವೆಬ್‌ಸೈಟಿನಲ್ಲಿ ಗುರುಗಳ ಹೊಸ ಮೇಲ್ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಹಾಕಿದ.

ಒಂಬತ್ತನೆಯ ದಿನ ಬೆಳಿಗ್ಗೆ ಗುರುಗಳು ಕೇಳಿದರು: "ಯಾರೂ ಬರೆದಿಲ್ಲವೇನಪ್ಪ?"

ಶಾಂತಮಲ್ಲ ಒಳಗೆ ಹೋಗಿ ಸರ್ವರ್ ನೋಡಿದ. ಕಚೇರಿಯ ಹೆಸರಿಗೆ ಒಂದು ಮೇಲ್ ಪೆಟ್ಟಿಗೆ ಇತ್ತು. ಗ್ರಂಥಮಾಲೆಗೆ ಒಂದಿತ್ತು. ದಾಸೋಹಕ್ಕೂ ಒಂದಿತ್ತು. ತನಗೆ ಎರಡಿದ್ದವು. ಗುರುಗಳ ಹೆಸರಿಗೆ ಪೆಟ್ಟಿಗೆ ಮಾಡುವುದನ್ನು ಮರೆತಿದ್ದ.

ನಲವತ್ತೊಂದು ಜನ ಗುರುಗಳಿಗೆ ಬರೆದಿದ್ದರು. ನಲವತ್ತೊಂದು ಜನಕ್ಕೂ ಸರ್ವರ್ ನಿಮಿಷದೊಳಗೆ ಉತ್ತರ ಕೊಟ್ಟಿತ್ತು: ಈ ಹೆಸರಿನವರು ಇಲ್ಲಿ ಯಾರೂ ಇಲ್ಲ. ಜೊತೆಗೆ ಮಠದ ಮುದ್ರೆ.

ಶಾಂತಮಲ್ಲ ಸದ್ದಿಲ್ಲದೆ ಗುರುಗಳ ಹೆಸರಿಗೊಂದು ಪೆಟ್ಟಿಗೆ ಮಾಡಿ ಹೊರಗೆ ಬಂದ.

"ಜನರಿಗೆ ಈಚೆಗೆ ಕಷ್ಟ ಕಡಿಮೆಯಾಗಿದೆ, ಬುದ್ಧೀ."

ಗುರುಗಳು ತಲೆಯಾಡಿಸಿದರು.

ಎರಡು ದಿನ ಕಳೆದು ಮರಿಸಿದ್ಧ ಬಂದ. ಆರು ವರ್ಷದ ಹಿಂದೆ ಗುರುಗಳೊಡನೆ ಜಗಳವಾಡಿ ಮಠ ಬಿಟ್ಟುಹೋಗಿದ್ದ ಶಿಷ್ಯ ಅವನು. ಕೈಯಲ್ಲಿ ಬಿಲ್ವಪತ್ರೆಯ ಪೊಟ್ಟಣ, ಕಣ್ಣು ಕೆಂಪು.

"ಸಮಾಧಿ ಗದ್ದುಗೆ ಎಲ್ಲಿ ಕಟ್ಟಿಸಿದಿರಿ?" ಎಂದು ಬಾಗಿಲಲ್ಲೇ ಶಾಂತಮಲ್ಲನನ್ನು ಕೇಳಿದ.

"ಯಾರ ಗದ್ದುಗೆ?"

"ಬುದ್ಧಿಯವರದು. ವಾಪಸು ಬರಲೇ ಅಂತ ಮೇಲ್ ಮಾಡಿದ್ದೆ. ಅವರು ಇಲ್ಲ ಅಂತ ಮಠದಿಂದಲೇ ಉತ್ತರ ಬಂತಲ್ಲ. ನಂಬೋಕಾಗದೆ ನಮ್ಮ ಆಫೀಸಿನ ಕಂಪ್ಯೂಟರಿನವರಿಗೆ ತೋರಿಸಿದೆ. ಮುದ್ರೆ ಅಸಲಿ ಅಂದರು."

ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಗುರುಗಳು ತಲೆಯೆತ್ತಿದರು. "ಇನ್ನೂ ಕಟ್ಟಿಸಿಲ್ಲ ಕಣೋ ಸಿದ್ಧ. ಪತ್ರೆ ಅಲ್ಲಿಡು. ಬಾ, ಕಾಯಿ ಸುಲಿ."

ಮರಿಸಿದ್ಧ ಪೊಟ್ಟಣ ಕೆಳಗಿಟ್ಟು ಅಲ್ಲೇ ಕೂತ. ಶಾಂತಮಲ್ಲನ ತಗ್ಗಿದ ಮುಖ ನೋಡಿ ಇದು ಅವನ ಕೆಲಸವೆಂದು ತಿಳಿದು, ಅಳುತ್ತಲೇ ಬೈದ: "ಆ ಒಂದು ಸಾಲು ಬರೆಯೋಕೆ ನನಗೆ ಆರು ವರ್ಷ ಹಿಡೀತು. ನೀನು ಒಂದೇ ನಿಮಿಷದಲ್ಲಿ ಇವರನ್ನ ಸಾಯಿಸಿಬಿಟ್ಟೆಯಲ್ಲಯ್ಯ!"

ಶಾಂತಮಲ್ಲ ಒಳಗೆ ಹೋದ. ಅರ್ಧ ಗಂಟೆಯ ಮೇಲೆ, ಉಳಿದ ನಲವತ್ತು ಜನಕ್ಕೆ ಕಳಿಸಬೇಕಾದ ಮೇಲನ್ನು ಗುರುಗಳಿಗೆ ಓದಿ ಹೇಳಿದ.

"ತಾಂತ್ರಿಕ ದೋಷದಿಂದಾಗಿ ತಮಗೆ ತಪ್ಪು ಉತ್ತರ ಬಂದಿದೆ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

"ಈ ತಾಂತ್ರಿಕ ದೋಷ ಅನ್ನುವವರು ಯಾವ ಕೋಣೆಯಲ್ಲಿ ಮಲಗುತ್ತಾರೆ?" ಎಂದರು ಗುರುಗಳು. "ಒಂದು ಸಲ ಕರೆದುಕೊಂಡು ಬಾ. ಮಾತಾಡಬೇಕು."

ಮರಿಸಿದ್ಧ ನಕ್ಕುಬಿಟ್ಟ. ಶಾಂತಮಲ್ಲ ನೆಲ ನೋಡಿದ. ಹೋಗಿ ಬೇರೆ ಬರೆದು ತಂದ. ಓದಿದ:

"ಪೆಟ್ಟಿಗೆ ಮಾಡುವಾಗ ಎಲ್ಲರ ಹೆಸರೂ ನೆನಪಾಯಿತು, ಗುರುಗಳದನ್ನು ಮರೆತೆ. ಗೊತ್ತಾದ ಮೇಲೂ ಮುಚ್ಚಿಟ್ಟೆ. ಅವರು ಕೇಳಿದಾಗ ಸುಳ್ಳು ಹೇಳಿದೆ. ಗುರುಗಳು ಇದ್ದಾರೆ. ದಯವಿಟ್ಟು ಇನ್ನೊಮ್ಮೆ ಬರೆಯಿರಿ. ಇಂತಿ, ಶಾಂತಮಲ್ಲ."



"ಇದನ್ನು ಓದಿದವರಿಗೆ ನಾನು ಹೇಗೆ ಮುಖ ತೋರಿಸಲಿ, ಬುದ್ಧೀ?"

ಗುರುಗಳ ಕೈ ಸುಲಿಯುವುದನ್ನು ನಿಲ್ಲಿಸಿತು.

"ಕೆಳಗೆ ನನ್ನದೂ ಒಂದು ಸಾಲು ಸೇರಿಸು. ಒಂಬತ್ತು ದಿನ ಯಾರೂ ಬರೆಯಲಿಲ್ಲ, ಯಾಕೆಂದು ವಿಚಾರಿಸದೆ ನಾನು ಹಾಯಾಗಿದ್ದೆ ಅಂತ."