ಏಳುವ ಕಾಲು

ಕೃಷ್ಣಾ ನದಿಯ ದಂಡೆಯ ಒಂದೂರಲ್ಲಿ ಹಸನಸಾಬ ಎಂಬ ಉಸ್ತಾದರಿದ್ದರು. ಸೈಕಲ್ ತುಳಿಯುವುದನ್ನು ಕಲಿಸುತ್ತಿದ್ದರು. ತುಳಿಯುವುದನ್ನೂ ಕಲಿಯಬೇಕೇ ಎಂದು ನಕ್ಕವರು ಊರಲ್ಲಿ ಬಹಳ ಜನ.

ಮಹಾನಂದಾ ನಗಲಿಲ್ಲ.

ಈಜು, ಸೈಕಲ್, ಓಟ ಮೂರನ್ನೂ ಒಂದೇ ಉಸಿರಿಗೆ ಮುಗಿಸಬೇಕಾದ ಸ್ಪರ್ಧೆಗೆ ಅವಳು ಎರಡು ಸಲ ಇಳಿದಿದ್ದಳು. ಎರಡು ಸಲವೂ ಈಜಿದಳು, ಸೈಕಲ್ಲನ್ನೂ ಮುಗಿಸಿದಳು. ಓಟ ಶುರುವಾದ ಮೇಲೆ ತೊಡೆ ಉರಿದು, ಕಾಲು ಸೆಟೆದು ರಸ್ತೆ ಬದಿಯಲ್ಲಿ ಕೂತುಬಿಟ್ಟಳು. ಮೂರನೆಯ ಸಲವೂ ಕೂತರೆ ಇದರ ಗೊಡವೆಯೇ ಬೇಡ ಎಂದು ನಿಶ್ಚಯಿಸಿ ಉಸ್ತಾದರ ಬಳಿ ಬಂದಳು.

ಉಸ್ತಾದರು ಮೊದಲು ಅವಳ ಪಾದ ನೋಡಿದರು. ಅಂಗಾಲಿನ ನಡುಭಾಗ ಪೆಡಲ್ ಮೇಲಿತ್ತು. ಅದನ್ನು ಹಿಂದಕ್ಕೆ ಸರಿಸಿ, ಹೆಬ್ಬೆರಳ ಬುಡದ ಉಬ್ಬು ಪೆಡಲಿನ ನಟ್ಟನಡುವೆ ಕೂರುವಂತೆ ಇಟ್ಟರು. ಹಿಮ್ಮಡಿ ಜೋತು ಬೀಳಬಾರದು ಎಂದರು.

ಒಂದು ತಿಂಗಳು ತುಳಿದಳು. ಪಾದ ಸರಿಯಾಗಿ ಕೂತಿತು. ತೊಡೆಯ ಉರಿ ಮಾತ್ರ ಹೋಗಲಿಲ್ಲ.

ಇನ್ನೂ ಜೋರಾಗಿ ತುಳಿಯಲೇ ಎಂದು ಕೇಳಿದಳು. ಕಷ್ಟಪಡುವುದೊಂದೇ ಗೊತ್ತಿರುವವರಿಗೆ ಎಲ್ಲ ರೋಗಕ್ಕೂ ಅದೇ ಮದ್ದು.

ಉಸ್ತಾದರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅವಳನ್ನು ಸೀಟಿನ ಮೇಲೆ ಕೂರಿಸಿದರು. ಎಡಗಾಲನ್ನು ಪೆಡಲಿನಿಂದ ತೆಗೆಸಿ, ಆ ಪೆಡಲಿನ ಮೇಲೆ ತಮ್ಮ ಅಂಗೈ ಊರಿದರು. ಬಲಗಾಲೊಂದರಲ್ಲೇ ತುಳಿ ಎಂದರು.

ಅರ್ಧ ಸುತ್ತು ತಿರುಗುವಷ್ಟರಲ್ಲಿ ಅವಳಿಗೆ ಬೆವರು ಕಿತ್ತು ಬಂತು.

"ಕೈ ತಗೀರಿ ಉಸ್ತಾದ್. ನಿಮ್ಮ ಭಾರಾನೂ ನಾನ ಎತ್ತಬೇಕಾಗೇತಿ."

"ನಾ ಈಗ ತಗೀತೀನಿ. ನೀ ಯಾವಾಗ ತಗೀತಿ?"

ಮಹಾನಂದಾ ತನ್ನ ಎಡಗಾಲನ್ನು ನೋಡಿಕೊಂಡಳು. ದಿನಾ ತುಳಿಯುವಾಗ ಬಲಗಾಲು ಇಳಿದಂತೆ ಅದು ಏಳಬೇಕಿತ್ತು. ತಾನಾಗಿ ಏಳದೆ, ಉಸ್ತಾದರ ಅಂಗೈಯಂತೆ ಪೆಡಲಿನ ಮೇಲೆ ಆರಾಮಾಗಿ ಕೂತು ಸವಾರಿ ಮಾಡುತ್ತಿತ್ತು. ಎಡಗಾಲು ತುಳಿಯುವಾಗ ಬಲಗಾಲಿನದೂ ಅದೇ ಕಥೆ. ಇಷ್ಟು ದಿನ ಅವಳ ಒಂದು ಕಾಲು ಇನ್ನೊಂದನ್ನು ಹೊತ್ತು ಸುಸ್ತಾಗಿತ್ತು.

ಅವತ್ತಿನಿಂದ ಗೇರನ್ನು ಹಗುರ ಮಾಡಿಕೊಂಡಳು. ಇಳಿಯುವ ಕಾಲನ್ನು ಅದರ ಪಾಡಿಗೆ ಬಿಟ್ಟು, ಏಳುವ ಕಾಲಿನ ಕಡೆ ಗಮನ ಕೊಟ್ಟಳು. ಪೆಡಲ್ ಗಡಿಬಿಡಿಯಿಲ್ಲದೆ ದುಂಡಗೆ ತಿರುಗತೊಡಗಿತು.

ಮೂರನೆಯ ಸ್ಪರ್ಧೆ ಬಂತು. ಸೈಕಲ್ ಇಳಿದಾಗ ಕಾಲು ಅವಳ ಮಾತು ಕೇಳಿತು. ಕೊನೆಯಿಂದ ಎರಡನೆಯವಳಾಗಿ, ಎಲ್ಲೂ ಕೂರದೆ, ಗೆರೆ ದಾಟಿದಳು. ಗೆದ್ದವರಿಗೂ ಅಷ್ಟು ಸಂತೋಷ ಆಗಿರಲಿಕ್ಕಿಲ್ಲ.

ಅಲ್ಲಿಂದ ನೇರ ನದಿದಂಡೆಗೆ, ಉಸ್ತಾದರ ಬಳಿ ಬಂದಳು. ಕಾಲಿಗೆರಗಲು ಬಾಗಿದವಳನ್ನು ಉಸ್ತಾದರು ಅರ್ಧದಲ್ಲೇ ಹಿಡಿದರು.

"ಓಡಿದೆ ಉಸ್ತಾದ್, ಎಲ್ಲೂ ಕೂಡಲಿಲ್ಲ. ನಿಮ್ಮ ಈ ಉಪಕಾರ ಸಾಯೂತನಕ ಹೊತ್ಕೊಂಡ ತಿರಗತೀನ್ರಿ."

ಉಸ್ತಾದರ ಕಣ್ಣು ಒದ್ದೆಯಾಯಿತು. ಅವಳ ತಲೆ ಸವರಿದರು.

"ನೆನಸ್ಕೋ ಯವ್ವಾ. ಹೊರಬ್ಯಾಡ."